ಚೀಟಿಯಣ್ಣ

ಬಿಳಿ ಅಂಗಿ, ಎದೆ ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಹಣೆಯಲ್ಲಿ ಢಾಳಾದ ಕುಂಕುಮ. ಹಾಸನದ ಯಾವ ಬಡಾವಣೆಗೆ ಹೋದರೂ ಚೀಟಿಯಣ್ಣ ಎದುರಾಗುತ್ತಾನೆ. ಅವನ ಸುದ್ದಿಜಾಲ ಬಹಳ ಚುರುಕು. ಹಾಸನದ ನೌಕರರಿಗೆ ಸಂಬಳವಾಗುವ ದಿನ, ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ ಲಾರಿಗೆ ಬಿದ್ದ ದಿನ, ಹೊಳೆನರಸೀಪುರದಲ್ಲಿ ಭತ್ತ ತೂಕವಾದ ದಿನ, ಅರಕಲಗೂಡಿನವರು ರಾಮನಾಥಪುರದ ಹರಾಜಿನಲ್ಲಿ ತಂಬಾಕು ಮಾರಿದ ವಾರ, ಎಲ್ಲವೂ ಅವನಿಗೆ ಬಾಯಿಪಾಠ. ಗಂಡನ ಕೈಗೆ ದುಡ್ಡು ಬಂದದ್ದು ಹೆಂಡತಿಗೆ ತಿಳಿಯುವಷ್ಟರಲ್ಲಿ ಚೀಟಿಯಣ್ಣ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿರುತ್ತಾನೆ.

ಅವನು ನಡೆಸುವ ಚೀಟಿಯ ಲೆಕ್ಕ ಸರಳ. ಇಪ್ಪತ್ತು ಜನ, ತಿಂಗಳಿಗೆ ಐದೈದು ಸಾವಿರ, ಒಂದು ಲಕ್ಷದ ಚೀಟಿ. ಮೊದಲ ಚೀಟಿ ಕೂಗಿಲ್ಲದೆ ಅವನಿಗೇ. ಆಮೇಲೆ ಮಗಳ ಮದುವೆಯೋ, ಶುಂಠಿ ಬೀಜದ ಖರ್ಚೋ ಬಂದವರು ಇಪ್ಪತ್ತು ಸಾವಿರ ಬಿಟ್ಟು ಎಂಬತ್ತಕ್ಕೆ ಎತ್ತುತ್ತಾರೆ. ಬಿಟ್ಟ ದುಡ್ಡಿನಲ್ಲಿ ಐದು ಸಾವಿರ ಅವನ ಕಮಿಷನ್ನು, ಮಿಕ್ಕಿದ್ದು ತಲೆಗೆ 750ರಂತೆ ಎಲ್ಲರಿಗೂ.

ರಸೀದಿ ಕೇಳಿದಿರೋ, ಕೆಟ್ಟಿರಿ. "ಏನಕ್ಕ, ನನ್ನ ಮೇಲೆ ಅನುಮಾನವಾ? ನಿಮ್ಮ ಮಗನ ನಾಮಕರಣದಲ್ಲಿ ಬಡಿಸಿದ್ದು ಯಾರು?" ಅನ್ನುತ್ತಾನೆ. ಕೇಳಿದವರೇ ನಾಚಿಕೊಂಡು ಇನ್ನೊಂದು ಲೋಟ ಕಾಫಿ ತರುತ್ತಾರೆ. ರಿಜಿಸ್ಟ್ರೇಷನ್ ಮಾತೆತ್ತಿದರೆ, "ದೊಡ್ಡವರ ಕಥೆ ಬುಡಿ. 2019ರಲ್ಲಿ ಬೆಂಗಳೂರಿನ ಐಎಂಎ ಕಂಪನಿಯೋನು ಸಾವಿರಾರು ಜನರ ದುಡ್ಡು ಮುಳುಗಿಸಿ ದುಬೈಗೆ ಹೋಗಲಿಲ್ವಾ? ನಾನು ಎಲ್ಲಿಗೆ ಹೋಗ್ಲಿ, ಸಕಲೇಶಪುರಕ್ಕಾ? ಹಾಸನಾಂಬೆ ಆಣೆ ಕಣಕ್ಕ!" ಹಾಸನಾಂಬೆಯ ಗುಡಿ ಬಾಗಿಲಾದರೂ ವರ್ಷಕ್ಕೊಮ್ಮೆ ತೆರೆಯುತ್ತದೆ. ಚೀಟಿಯಣ್ಣನ ಲೆಕ್ಕದ ಪುಸ್ತಕ ತೆರೆದದ್ದನ್ನು ಕಂಡವರಿಲ್ಲ.

ನಿಜ ಹೇಳಬೇಕೆಂದರೆ ಅವನನ್ನು ನೇರವಾಗಿ ನಂಬಿದವರೂ ಇಲ್ಲ. ಮೇಷ್ಟ್ರು ಹಾಕಿದ್ದಾರೆಂದು ಅಂಗಡಿಯವರು, ಅಂಗಡಿಯವರು ಹಾಕಿದ್ದಾರೆಂದು ಪಕ್ಕದ ಮನೆಯಕ್ಕ, ಅಕ್ಕ ಹಾಕಿದ್ದಾರೆಂದು ಮೇಷ್ಟ್ರು.

ಹೀಗಿರುವಾಗ ಒಂದು ಬೆಳಗ್ಗೆ ಚೀಟಿಯಣ್ಣನ ಫೋನು ಸ್ವಿಚ್ಡ್ ಆಫ್. ಹತ್ತು ಗಂಟೆಗೆ ಹೋಟೆಲಿನಲ್ಲಿ "ಚೀಟಿಯಣ್ಣ ಸಿಕ್ತಿಲ್ವಂತೆ". ಹನ್ನೊಂದಕ್ಕೆ "ಮನೆಗೆ ಬೀಗವಂತೆ". ಹನ್ನೆರಡಕ್ಕೆ ಅವನು ದುಬೈ ತಲುಪಿಯಾಗಿತ್ತು. ಬೀಗದ ಮುಂದೆ ಜಾತ್ರೆ. ಆ ಗಲಾಟೆಯಲ್ಲಿ ಒಂದು ವಿಚಿತ್ರ ಕಂಡಿತು: ಚೀಟಿ ಎತ್ತದವರು ಎದೆ ಬಡಿದುಕೊಳ್ಳುತ್ತಿದ್ದರು, ಆಗಲೇ ಎತ್ತಿಕೊಂಡವರು ಮಾತ್ರ ಬಹಳ ಶಾಂತವಾಗಿದ್ದರು. "ಹೋದ್ರೆ ಹೋಗ್ಲಿ ಪಾಪ, ಏನು ಕಷ್ಟವೋ" ಎಂದು ಒಬ್ಬರು ಕರುಣೆಯನ್ನೂ ತೋರಿಸಿದರು. ಕಂತು ತಪ್ಪುವ ಸಂತೋಷ ಮನುಷ್ಯನನ್ನು ಇಷ್ಟು ಮೃದು ಮಾಡುತ್ತದೆಂದು ಯಾರಿಗೆ ಗೊತ್ತಿತ್ತು?

ಸಂಜೆ ಚೀಟಿಯಣ್ಣ ಸಂಸಾರ ಸಮೇತ ಆಟೋ ಇಳಿದ. ಧರ್ಮಸ್ಥಳಕ್ಕೆ ಹೋಗಿದ್ದನಂತೆ, ಶಿರಾಡಿ ಘಾಟಿಗೆ ಮುಂಚೆಯೇ ಬ್ಯಾಟರಿ ಸತ್ತಿತ್ತಂತೆ. ಎಲ್ಲರಿಗೂ ಪ್ರಸಾದ ಹಂಚಿದ. ಎಲ್ಲರೂ ಕಣ್ಣಿಗೊತ್ತಿಕೊಂಡು, ನುಂಗಿ, ಒಟ್ಟಿಗೇ ಕೇಳಿದರು: "ನಮ್ಮ ದುಡ್ಡು?"

ಅಲ್ಲಿಗೆ ಮುಗಿಯಿತು. ಎಷ್ಟೇ ಪ್ರಾಮಾಣಿಕನಾದರೂ ಇಪ್ಪತ್ತು ಜನರ ದುಡ್ಡು ಒಂದೇ ಸಂಜೆ ಬ್ಯಾಗಿನಲ್ಲಿರುವುದಿಲ್ಲ, ಅದು ಎತ್ತಿದವರ ಮನೆಯಲ್ಲಿರುತ್ತದೆ. ಎತ್ತಿದವರು ಕಂತು ನಿಲ್ಲಿಸಿದರು. ಹೆಸರು ಉಳಿಸಿಕೊಳ್ಳಲು ಚೀಟಿಯಣ್ಣ ಹೆಂಡತಿಯ ಸರ ಗಿರವಿ ಇಟ್ಟು ಕೊಡಬೇಕಾದವರಿಗೆ ಕೊಟ್ಟ. ಕೊಟ್ಟ ಮೇಲೆ ಜನ ಅಂದದ್ದು: "ನೋಡಿದ್ರಾ, ಎಲ್ಲೋ ಬಚ್ಚಿಟ್ಟಿದ್ದ!"

ಅಸಲಿಗೆ ಇಂಥ ಚೀಟಿ 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿ ಆಗಬೇಕು, ಚೀಟಿಯ ಮೊತ್ತದಷ್ಟು ಭದ್ರತೆ ಇಡಬೇಕು. 2019ರ ತಿದ್ದುಪಡಿ ಬಂದ ಮೇಲೆ ಕಮಿಷನ್ನು ಶೇ 7ರವರೆಗೆ ತೆಗೆದುಕೊಳ್ಳಬಹುದು. ಚೀಟಿಯಣ್ಣ ಇದರಲ್ಲಿ ಕಮಿಷನ್ನಿನ ಸಾಲನ್ನು ಮಾತ್ರ ಓದಿಕೊಂಡಿದ್ದಾನೆ. ಹೊಸ ಗುಂಪು ಕಟ್ಟುತ್ತಿದ್ದಾನೆ, ಹದಿನೇಳು ಜನ ಆಗಲೇ ಸೇರಿದ್ದಾರೆ. ನೀವೂ ಸೇರುವುದಾದರೆ ಸೇರಿ. ಕಾಫಿ ಕೊಡುವ ಮೊದಲು ರಸೀದಿ ಕೇಳಿ.