ಮೇಲಿನ ಮನೆಯ ವಿಸರ್ಗ

ಮಳೆಗಾಲ ಬಂದರೆ ಪುಣೆಯ ಮರಾಠಿ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ: ಖಡಕವಾಸಲಾ ಅಣೆಕಟ್ಟಿನಿಂದ ಮುಠಾ ನದಿಗೆ ಇಷ್ಟು ಕ್ಯೂಸೆಕ್ ವಿಸರ್ಗ. ನೀರು ಬಿಡುವುದಕ್ಕೆ ಮರಾಠಿಯವರು ವಿಸರ್ಗ ಅನ್ನುತ್ತಾರೆ. ಅಕ್ಷರದ ಮುಂದೆ ಎರಡು ಸೊನ್ನೆ ಇಟ್ಟರೆ ವಿಸರ್ಗ ಎಂದು ಕನ್ನಡ ಶಾಲೆಯಲ್ಲಿ ಕಲಿತು ಬಂದ ನನಗೆ ಮೊದಮೊದಲು ಇದನ್ನು ಓದಿ ನಗು ಬರುತ್ತಿತ್ತು. ಈಗ ಬರುವುದಿಲ್ಲ. ನಮ್ಮ ನಡುಮನೆಯ ಸೀಲಿಂಗಿನಲ್ಲಿ, ಫ್ಯಾನಿನ ಪಕ್ಕಕ್ಕೆ, ಒಂದರ ಕೆಳಗೊಂದು ಎರಡು ದುಂಡನೆಯ ಕಲೆಗಳು ಮೂಡಿದವು. ಕನ್ನಡದ ವಿಸರ್ಗವೂ ಅದೇ, ಮರಾಠಿಯ ವಿಸರ್ಗವೂ ಅದೇ.

ಖಡಕವಾಸಲಾದವರು ನೀರು ಬಿಡುವ ಮೊದಲು ನದಿದಂಡೆಯವರಿಗೆ ಎಚ್ಚರಿಕೆಯನ್ನಾದರೂ ಕೊಡುತ್ತಾರೆ. ನಮ್ಮ ಮೇಲಿನ ಮನೆಯ ಕಾಕಾ ಅವರಲ್ಲಿ ಆ ಪದ್ಧತಿ ಇಲ್ಲ.

ಇಂಥವರೊಬ್ಬರು ಪ್ರತಿ ಸೊಸೈಟಿಯಲ್ಲೂ ಇರುತ್ತಾರೆ. ನಿವೃತ್ತಿಯಾದ ಮರುತಿಂಗಳೇ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ತಂದು ಟಿವಿ ಇದ್ದ ಜಾಗದಲ್ಲಿ ಇಡುವವರು. ಮರಾಠಿ ನೆರೆಯವರು ನಮ್ಮವರನ್ನು ‘ಮಾಸೇವಾಲೆ ಕಾಕಾ’, ಅಂದರೆ ಮೀನಿನ ಕಾಕಾ, ಅನ್ನುತ್ತಾರೆ. ಧಾರವಾಡದವರು, ಪುಣೆಗೆ ಬಂದು ನಲವತ್ತು ವರ್ಷ. ಸಿಟ್ಟು ಬಂದರೆ ಮರಾಠಿ, ಪಾಠ ಹೇಳಬೇಕೆನಿಸಿದರೆ ಕನ್ನಡ. ನನ್ನ ಪಾಲಿಗೆ ಬರುವುದು ಬರೀ ಕನ್ನಡ.

“ಮೀನು ಯಾರು ಬೇಕಾದ್ರೂ ಸಾಕ್ತಾರ್ರೀ, ನೀರು ಸಾಕೂದು ಕಷ್ಟ” ಎನ್ನುವುದು ಅವರ ಮಾತು. ನಳದ ನೀರಿನ ಕ್ಲೋರಿನ್ ಹಾರಿಹೋಗಲೆಂದು ಅವರ ಮನೆಯ ಬಕೀಟುಗಳೆಲ್ಲ ದಿನಗಟ್ಟಲೆ ತುಂಬಿ ನಿಂತಿರುತ್ತವೆ. ಸ್ನಾನಕ್ಕೆ ಒಂದು ಬಕೀಟು ಸಿಕ್ಕರೆ ಅದು ಮೀನುಗಳ ಕೃಪೆ. ತೊಟ್ಟಿಯಿಂದ ತೆಗೆದ ನೀರನ್ನು ಸೊಸೈಟಿಯ ತುಳಸಿಗಳಿಗೆಲ್ಲ ತಾವೇ ಹಂಚುತ್ತಾರೆ, ಬೇಡವೆಂದರೂ. ಪುಣೆಯ ನೀರು ಕುಡಿದವರು ಪಾಟಿ, ಅಂದರೆ ಸೂಚನಾಫಲಕ, ಬರೆಯದೆ ಇರಲಾರರಷ್ಟೆ. ತೊಟ್ಟಿಯ ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಒಂದು ಪಾಟಿ ಇದೆ: “ಗಾಜು ಬಡಿಯಬೇಡಿ. ಮೀನುಗಳಿಗೆ ಕೇಳಿಸುತ್ತದೆ. ಈ ಪಾಟಿ ನಿಮಗೆ ಕಾಣಿಸುತ್ತಿದೆ ಎಂದು ನಂಬಿದ್ದೇವೆ.”

ಮೊದಲ ವಿಸರ್ಗವಾದದ್ದು ಒಂದು ಗುರುವಾರ. ರಿಪೇರಿಗೆಂದು ನಮ್ಮ ಕಡೆ ಕರೆಂಟು ತೆಗೆಯುವುದು ಗುರುವಾರವೇ. ಪೇಪರ್ ಓದುತ್ತ ಕೂತಿದ್ದೆ, ಸಂಪಾದಕೀಯದ ನಡುವಿಗೆ ಒಂದು ಹನಿ ಬಿತ್ತು. ಮೇಲೆ ಓಡಿದೆ. ಕಾಕಾ ಪೈಜಾಮ ಮೊಣಕಾಲಿನ ತನಕ ಏರಿಸಿ, ಒದ್ದೆ ನೆಲದ ನಡುವೆ ಸ್ಟೂಲ್ ಹಾಕಿಕೊಂಡು, ಒಣಗಿ ಉಳಿದಿದ್ದ ಒಂದೇ ಟೈಲ್ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕುತ್ತಿದ್ದರು.

“ಬರ್ರಿ ಬರ್ರಿ, ಬರೋಬ್ಬರಿ ಟೈಮಿಗೆ ಬಂದ್ರಿ.”

ನಾನು ಹೋಗಿದ್ದು ನೆಲ ಒರೆಸಿಸಲು. ಸಿಕ್ಕಿದ್ದು ಪಾಠ. ಮೇಲೆ ಮೀನಿನ ತೊಟ್ಟಿ, ಕೆಳಗೆ ಕಪಾಟಿನೊಳಗೆ ನೀರು ಸೋಸುವ ಇನ್ನೊಂದು ತೊಟ್ಟಿ, ಅದರ ಹೆಸರು ಸಂಪ್. ಮೇಲಿನ ನೀರು ಪೈಪಿನಲ್ಲಿ ಇಳಿದು, ಸ್ಪಂಜು ದಾಟಿ ಶುದ್ಧವಾಗುತ್ತದೆ. ಪಂಪು ಅದನ್ನು ಮತ್ತೆ ಮೇಲಕ್ಕೆ ಹತ್ತಿಸುತ್ತದೆ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಹತ್ತಿಸುತ್ತಿದ್ದ ಪೈಪಿನ ಬಾಯಿ ನೀರಿನೊಳಗೆ ಮುಳುಗಿರುತ್ತದಲ್ಲ, ಅದೇ ಪೈಪು ಸೈಫನ್ ಆಗಿ ನೀರನ್ನು ಕೆಳಕ್ಕೆ ಎಳೆಯುತ್ತದೆ, ಬಾಯಿಗೆ ಗಾಳಿ ಸಿಗುವ ತನಕ. ನಾಲ್ಕಡಿಗೆ ಒಂದೂವರೆ ಅಡಿಯ ತೊಟ್ಟಿಯಲ್ಲಿ ಒಂದು ಇಂಚು ನೀರೆಂದರೆ 14 ಲೀಟರ್. ಬಾಯಿ ಇದ್ದದ್ದು ಮೂರು ಇಂಚು ಆಳದಲ್ಲಿ, 42 ಲೀಟರ್. ಸಂಪಿನಲ್ಲಿ ಖಾಲಿ ಇದ್ದ ಜಾಗ 20 ಲೀಟರಿನದು.

“ಉಳಿದದ್ದೆಷ್ಟು?” ಎಂದು ನನ್ನನ್ನೇ ಕೇಳಿದರು.

“22” ಎಂದೆ. ಆ 22 ನಮ್ಮ ಮನೆಗೆ ಇಳಿಯುತ್ತಿತ್ತು.

ಇದಾಗಬಾರದೆಂದೇ ಅವರು ಆ ಪೈಪಿಗೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಸಣ್ಣ ತೂತು ಕೊರೆದಿದ್ದರು. ನೀರು ಒಂದು ಬೆರಳು ಇಳಿದರೆ ಸಾಕು, ತೂತಿನಲ್ಲಿ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ. ಇಲ್ಲಿಂದ ಕಾಕಾ ಪೇಶ್ವೆಗಳ ಕಾಲಕ್ಕೆ ಹಾರಿದರು. 18ನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜ್ ಕೆರೆಯಿಂದ ಶನಿವಾರವಾಡೆಗೆ ನೆಲದಡಿಯ ಕಾಲುವೆಯಲ್ಲಿ, ಬರೀ ಇಳಿಜಾರಿನ ಬಲದಿಂದ ನೀರು ತಂದದ್ದು. ಆ ಕಾಲುವೆಗೆ ನಡುನಡುವೆ ಕಿಂಡಿ ಬಿಟ್ಟು ಅದಕ್ಕೆ ‘ಉಚ್ಛ್ವಾಸ’ ಎಂದು ಹೆಸರಿಟ್ಟದ್ದು. “ನೀರಿಗೂ ಉಸಿರು ಬೇಕ್ರಿ. ಇದು ನಮ್ಮನಿ ಉಚ್ಛ್ವಾಸ” ಎಂದು ಪೈಪಿನ ತೂತು ತೋರಿಸಿದರು.

ಉಚ್ಛ್ವಾಸದೊಳಗೆ ಸಾಸಿವೆಕಾಳಿನಷ್ಟು ದೊಡ್ಡ ಬಸವನಹುಳು ಒಂದು ಬೆಚ್ಚಗೆ ಕೂತಿತ್ತು.

“ತೂತು ಬರೋಬ್ಬರಿ ಐತ್ರಿ. ತಪ್ಪು ಹುಳದ್ದು.”

ಎರಡನೆಯ ಸಲದ ತಪ್ಪು ಪಾಚಿಯದ್ದು. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದಾಗ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಗೆ ಕೈ ಇಟ್ಟು ತೋರಿಸುವ ಹಿರಿಯರು ಪುಣೆಯ ಹಳೆಯ ಪೇಠೆಗಳಲ್ಲಿ ಇನ್ನೂ ಇದ್ದಾರೆ. ನಾನೂ ಏಣಿ ಹತ್ತಿ ಎರಡೂ ಕಲೆಗಳ ಅಂಚಿಗೆ ಪೆನ್ಸಿಲಿನಿಂದ ತಾರೀಖು ಬರೆದೆ. ಬಣ್ಣ ಹೊಡೆಸುವ ದಿನ ಕಾಕಾ ಮುಂದೆ ಓದಿ ಹೇಳಬೇಕೆಂದು.

ಕಳೆದ ಏಪ್ರಿಲ್‌ನಲ್ಲಿ ಕಾಕಾ ಕಣ್ಣಿನ ಆಪರೇಶನ್ನಿಗೆ ಧಾರವಾಡಕ್ಕೆ ಹೋದರು, ಹತ್ತು ದಿನ. ಕೀಲಿಕೈ ನನಗೆ. “ದಿನಕ್ಕ ಒಂದು ಚಿಟಿಕಿ ಆಹಾರ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ.” ಮೊದಲ ದಿನ ಬಾಗಿಲು ತೆಗೆದಾಗ ಮೀನುಗಳೆಲ್ಲ ಗಾಜಿನ ಬಳಿ ಓಡಿಬಂದು, ನನ್ನ ಮುಖ ನೋಡಿ ಹಿಂದೆ ಸರಿದವು. ತೊಟ್ಟಿಯ ಎದುರು ಎರಡು ಕುರ್ಚಿಗಳಿದ್ದವು. ಒಂದರ ಬೆತ್ತ ಕೂತು ಕೂತು ತಗ್ಗಿತ್ತು. ಇನ್ನೊಂದರ ಮೇಲೆ ಕಾಕಾ ಅವರ ಹೆಂಡತಿ ಕಾಕೂ ಅವರ ಶಾಲು, ಮಡಿಚಿದ್ದು ಮಡಿಚಿದಂತೆ. ಅವರು ಹೋಗಿ ಎರಡು ವರ್ಷ. ನಾನು ಕೂತದ್ದು ತಗ್ಗಿದ ಕುರ್ಚಿಯಲ್ಲೇ. ರಾತ್ರಿ ನಿದ್ದೆ ಕೆಡಿಸುತ್ತದೆಂದು ನಾನು ಬೈಯುತ್ತಿದ್ದ ಬುಳುಬುಳು ಸದ್ದು ಹತ್ತಿರದಿಂದ ಕೇಳಿದರೆ ಯಾರೋ ಪಕ್ಕದಲ್ಲಿ ಮೆಲ್ಲಗೆ ಮಾತಾಡಿದಂತಿತ್ತು. ಸಂಜೆಯೆಲ್ಲ ಇಲ್ಲೇ ಕಳೆಯುವ ಮನುಷ್ಯನಿಗೆ 22 ಲೀಟರಿನ ಮಾತು ಆಡಬಾರದಿತ್ತು ಅನ್ನಿಸತೊಡಗಿತು.

ಅಷ್ಟರಲ್ಲಿ ಕಣ್ಣಿಗೆ ಬಿತ್ತು: ಪೈಪಿನಲ್ಲೊಂದು ಸೋರಿಕೆ. ತೊಟ್ಟಿಯ ನೀರಿನ ಮಟ್ಟ ತುಸು ಇಳಿದಿತ್ತು. ಸಣ್ಣ ರಂಧ್ರವೊಂದರಿಂದ ದಾರದಂಥ ಧಾರೆ ಚಿಮ್ಮಿ ಗಾಜಿಗೆ ಹೊಡೆಯುತ್ತಿತ್ತು. ಪಾಪ, ಕಣ್ಣು ಮಂಜಾದವರಿಗೆ ಇದೆಲ್ಲ ಎಲ್ಲಿ ಕಾಣಬೇಕು? ಕೆಳಗೆ ಹೋಗಿ ಎಂ-ಸೀಲ್ ತಂದು, ಪಂಪು ನಿಲ್ಲಿಸಿ, ಪೈಪು ಎತ್ತಿ ಒರೆಸಿ, ರಂಧ್ರಕ್ಕೆ ಮೆತ್ತಿ, ಗಟ್ಟಿಯಾಗುವ ತನಕ ಕಾದು, ಮತ್ತೆ ಹಾಗೇ ಕೂಡಿಸಿ ಪಂಪು ಹಾಕಿದೆ. ಒಂದು ಹನಿ ಚಿಮ್ಮಲಿಲ್ಲ. ಆ ಮಧ್ಯಾಹ್ನ ಬಹಳ ಸಮಾಧಾನದಿಂದ ಊಟ ಮಾಡಿದೆ.

ಮರುದಿನ ಗುರುವಾರ.

ಕಾಕಾ ವಾಪಸು ಬಂದವರೇ ಕಪ್ಪು ಕನ್ನಡಕದಲ್ಲಿ ನಮ್ಮ ಮನೆಗೆ ಇಳಿದರು. ತಲೆ ಎತ್ತಿ ಹೊಸ ಕಲೆಯನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ, ಪಾಠವನ್ನೂ ಹೇಳಲಿಲ್ಲ. “ಪೆನ್ಸಿಲ್ ಎಲ್ಲೈತ್ರಿ?” ಎಂದಷ್ಟೇ ಕೇಳಿದರು.

ಏಣಿ ಹತ್ತಿ ತಾರೀಖು ಬರೆದೆ. ಮೂರರಲ್ಲಿ ಅದೇ ದೊಡ್ಡದು.