ಬಾಗಿಲಿಗೆ ಜೋತುಬಿದ್ದ ಸ್ಟೆಪ್ನಿ

ನಮ್ಮ ಬೇಲಿಯಾಚೆಯ ಮನೆಯವರು ಹೋದ ತಿಂಗಳು ತಮ್ಮ ಫೋರ್ ವೀಲ್ ಡ್ರೈವ್ ಗಾಡಿಯ ನಾಲ್ಕೂ ಚಕ್ರಕ್ಕೆ ದಪ್ಪ ಮಡ್ ಟೈರ್ ಹಾಕಿಸಿದರು. ನಾಲ್ಕು ಮೈತುಂಬಿಕೊಂಡ ಮೇಲೆ ಹಿಂಬಾಗಿಲಲ್ಲಿರುವ ಐದನೆಯದು ಬಡಕಲಾಗಿ ಕಂಡರೆ ಹೇಗೆ? ಅದಕ್ಕೂ ಬಂತು. ಅಂದಿನಿಂದ ನಾನು ಬೆಳಿಗ್ಗೆ ದಾಸವಾಳಕ್ಕೆ ನೀರು ಹಾಕುವ ಹೊತ್ತಿಗೆ ಆ ಕಡೆಯಿಂದ ಢಬ್ ಅಂತ ಒಂದು ಸದ್ದು. ಸ್ವಲ್ಪ ತಡೆದು ಮತ್ತೊಂದು ಢಬ್. ಬಾಗಿಲು ಒಂದೇ ಏಟಿಗೆ ಕೂರುತ್ತಿಲ್ಲ.

“ಲಾಕ್ ಹೋಗಿದೆ ಅನ್ಸುತ್ತೆ ಸಾರ್” ಅಂದರು.

ಲಾಕು ಪಾಪ, ಅದರ ತಪ್ಪೇನಿಲ್ಲ. “ಬಾಗಿಲು ಅರ್ಧ ತೆಗೆದು, ಹಿಡಿ ಇರೋ ಕಡೆ ಮೇಲಕ್ಕೆ ಎತ್ತಿ ನೋಡಿ” ಅಂದೆ. ಎತ್ತಿದರು. ಕಟಕ್ ಅಂತ ಒಂದಿಷ್ಟು ಎದ್ದು ಕೂತಿತು. ಲಾಕಿನ ಕೊಕ್ಕೆಯ ಮೇಲೆ ಬಣ್ಣ ಸವೆದು ಬೆಳ್ಳಗೆ ಹೊಳೆಯುವ ಒಂದು ಗೀರು ಬೇರೆ. ಕೀಲು ಸಡಿಲಾಗಿದೆ, ಬಾಗಿಲು ಇಳಿದಿದೆ. ಮಕ್ಕಳು ಗೇಟಿಗೆ ಜೋತುಬಿದ್ದು ಉಯ್ಯಾಲೆ ಆಡಿದರೆ ಗೇಟು ಏನಾಗುತ್ತದೋ ಅದೇ. ಇಲ್ಲಿ ಮಗು ಇಳಿಯುವುದೇ ಇಲ್ಲ, ಅಷ್ಟೆ ವ್ಯತ್ಯಾಸ.

ಲೆಕ್ಕ ಸುಲಭ. ಕಂಪನಿಯಿಂದ ಬರುವ ಚಕ್ರ 20ರಿಂದ 30 ಕೆಜಿ. ದಪ್ಪ ಮಡ್ ಟೈರಿನದು 40ರ ಹತ್ತಿರ ಹೋಗುತ್ತದೆ. ನಿಂತಿರುವಾಗ ಅದು 40 ಕೆಜಿ; ಗುಂಡಿಗೆ ಇಳಿದು ಎದ್ದಾಗ ಅದರ ಎರಡು ಮೂರು ಪಟ್ಟು ಜಗ್ಗುತ್ತದೆ. ಇನ್ನೊಂದು ತೊಡಕು ಅಂಗಡಿಯವರು ಹೇಳುವುದಿಲ್ಲ. ಅಗಲ ಟೈರಿನ ಹೊಟ್ಟೆ ಮೊದಲೇ ಬಾಗಿಲಿಗೆ ತಾಗುವುದರಿಂದ ಚಕ್ರದ ನಡುಭಾಗ ಬ್ರಾಕೆಟ್ಟಿಗೆ ಮುಟ್ಟುವುದಿಲ್ಲ. ಆಗ ನಡುವೆ ಸ್ಪೇಸರ್ ಹಾಕುತ್ತಾರೆ. ಭಾರ ಇನ್ನೂ ಆಚೆಗೆ ಸರಿಯಿತು, ಕೀಲಿಗೆ ಇನ್ನೂ ಹೊರೆ. ಸಾಲದ್ದಕ್ಕೆ ರಿವರ್ಸ್ ಕ್ಯಾಮೆರಾ ಮರೆಯಾಗಬಹುದು; ನಂಬರ್ ಪ್ಲೇಟ್ ಮರೆಯಾದರಂತೂ ಪೊಲೀಸರ ಹತ್ತಿರ ಮಾತಾಡುವ ಸುಖ.

ನನಗೆ ಇದೆಲ್ಲ ಪುಸ್ತಕದಿಂದ ಬಂದ ಜ್ಞಾನವಲ್ಲ. ನನ್ನ ಹಳೇ ಜೀಪಿನ ಹಿಂದೆ ನಾನೇ ನಿಂತು ಸ್ಟೆಪ್ನಿಗೆಂದು ಒಂದು ಬ್ರಾಕೆಟ್ ವೆಲ್ಡ್ ಮಾಡಿಸಿದ್ದೆ, ತಗಡಿನ ಮೇಲೆ ನೇರವಾಗಿ. ಕೊಡಚಾದ್ರಿ ಹತ್ತಿ ಇಳಿದು ಬಂದು ನೋಡಿದರೆ ವೆಲ್ಡಿಂಗ್ ಗಟ್ಟಿಯಾಗಿಯೇ ಇದೆ, ಅದರ ಸುತ್ತಲಿನ ತಗಡು ಅಂಚೆ ಚೀಟಿ ಹರಿದ ಹಾಗೆ ಹರಿದಿದೆ! ಹಿಂದೆ ಅಗಲವಾದ ಪಟ್ಟಿ ಕೊಟ್ಟು ಭಾರ ಹಂಚಬೇಕಿತ್ತು ಅಂತ ಮೇಸ್ತ್ರಿ ಆಮೇಲೆ ಹೇಳಿದ. ಆಮೇಲೆ ಹೇಳುವುದರಲ್ಲಿ ಮೇಸ್ತ್ರಿಗಳು ನಿಸ್ಸೀಮರು.

ಹಾಗಾದರೆ ಸ್ಟೆಪ್ನಿಯನ್ನು ಹಿಂಬಾಗಿಲಲ್ಲೇ ಯಾಕೆ ನೇತುಹಾಕಬೇಕು ಅಂತೀರೇನೋ. ಜಿಪ್ಸಿ, ಬೊಲೆರೊ, ಥಾರ್, ಜಿಮ್ನಿ ಎಲ್ಲ ಅಲ್ಲೇ ಹೊತ್ತಿರುವುದಕ್ಕೆ ಕಾರಣ ಇದೆ. ಗಾಡಿಯ ಹೊಟ್ಟೆಯ ಕೆಳಗೆ ಕಟ್ಟಿದರೆ ಕಲ್ಲಿಗೆ ಬಡಿಯುತ್ತದೆ. ಕೆಸರಲ್ಲಿ ಪಂಕ್ಚರ್ ಆದರೆ ಮಲಗಿ ತೆಗೆಯಬೇಕು. ಒಳಗಿಟ್ಟರೆ ಸಾಮಾನಿಗೆ ಜಾಗವಿಲ್ಲ. ಟಾಪಿನ ಮೇಲೆ ಇಡೋಣವೆಂದರೆ ಕಾಡಿನ ನಡುವೆ 40 ಕೆಜಿ ಇಳಿಸುವ ಸೊಂಟ ನನ್ನದಂತೂ ಅಲ್ಲ.

ಸ್ಟೆಪ್ನಿ ಅನ್ನುವ ಹೆಸರೇ ಒಂದು ಕಥೆ. ವೇಲ್ಸ್ ದೇಶದ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು 1904ರಲ್ಲಿ ಬಿಡಿ ಚಕ್ರ ಮಾಡಲು ಶುರು ಮಾಡಿದರು. ಕಡ್ಡಿಗಳಿಲ್ಲದ ಒಂದು ಬಳೆ, ಅದಕ್ಕೆ ಗಾಳಿ ತುಂಬಿದ ಟೈರು. ಪಂಕ್ಚರ್ ಆದ ಚಕ್ರಕ್ಕೇ ಕಚ್ಚಿಸಿ ಓಡಿಸುವುದು. ಅಲ್ಲಿಯವರು ಈಗ ಸ್ಪೇರ್ ವೀಲ್ ಅನ್ನುತ್ತಾರೆ. ನಮ್ಮ ಪಂಕ್ಚರ್ ಅಂಗಡಿ ಹುಡುಗನ ಬಾಯಲ್ಲಿ ಸ್ಟೆಪ್ನಿ ಬೀದಿ ಇನ್ನೂ ಇದೆ.

ಪಕ್ಕದವರಿಗೆ ನಾನು ಹೇಳಿದ್ದು ಇಷ್ಟು. ದಪ್ಪ ಚಕ್ರವೇ ಬೇಕೆಂದರೆ ಬಾಗಿಲಿನ ಹಂಗು ಬಿಡಿ. ಛಾಸಿಗೆ ಬೋಲ್ಟ್ ಹಾಕಿದ ಹಿಂಬಂಪರು, ಅದರ ಮೇಲೆ ಬೇರಿಂಗ್ ಇರುವ ತೋಳು, ಆ ತೋಳಿಗೆ ಚಕ್ರ. ಸಾಮಾನು ತೆಗೆಯಲು ಮೊದಲು ತೋಳು ಸರಿಸಿ, ಆಮೇಲೆ ಬಾಗಿಲು ತೆರೆಯಬೇಕು. ಮಳೆಯಲ್ಲಿ ಬೈದುಕೊಳ್ಳುತ್ತೀರಿ, ನಿಜ. ಬಾಗಿಲಲ್ಲೇ ಇರಲಿ ಅನ್ನುವುದಾದರೆ ಕೀಲು ಬಲಪಡಿಸಿ, ಚಕ್ರ ಬಾಗಿಲಿನ ರಬ್ಬರ್ ಉಬ್ಬುಗಳ ಮೇಲೆ ಒತ್ತಿ ಕೂರುವ ಹಾಗೆ ನಟ್ಟು ಬಿಗಿಯಿರಿ. ಚಕ್ರಕ್ಕೂ ಉಬ್ಬಿಗೂ ನಡುವೆ ಬೆರಳು ತೂರಿದರೆ ಅದು ದಾರಿಯುದ್ದಕ್ಕೂ ತಲೆಯಾಡಿಸುತ್ತದೆ, ತಗಡು ಸೀಳುವುದು ಹಾಗೆಯೇ.

ಅವರು ಎಲ್ಲ ಕೇಳಿಸಿಕೊಂಡರು. ಮಾರನೇ ದಿನ ಸ್ಟೆಪ್ನಿಗೆ ಹುಲಿಯ ಮುಖದ ಹೊಸ ಕವರು ಬಂದಿತ್ತು. ಢಬ್ ಸದ್ದು ಇವತ್ತು ಬೆಳಿಗ್ಗೆಯೂ ಕೇಳಿಸಿತು.

ನೀವಾದರೂ ಸಂಜೆ ನಿಮ್ಮ ಗಾಡಿಯ ಹಿಂಬಾಗಿಲು ಒಮ್ಮೆ ಎತ್ತಿ ನೋಡಿ. ಹಾಗೇ ಆ ಕವರು ಬಿಚ್ಚಿ, ಒಳಗಿನ ಟೈರಿನಲ್ಲಿ ಗಾಳಿ ಇದೆಯೋ ನೋಡಿಬಿಡಿ.