ಎಪ್ಪತ್ತೆರಡರ ಮಗ್ಗಿ

ಪ್ಲಾಸ್ಟಿಕ್ ವಿಮಾನ ಕಟ್ಟುವವರಿಗೆ ತಾಳ್ಮೆ ಜಾಸ್ತಿ ಎಂಬ ನಂಬಿಕೆ ಲೋಕದಲ್ಲಿದೆ. ಇದನ್ನು ಹಬ್ಬಿಸಿದವರು ಕಟ್ಟುವವರೇ ಇರಬೇಕು. ನಾನಂತೂ ಕುಕ್ಕರಿನ ಮೂರನೇ ವಿಷಲ್‌ವರೆಗೆ ಕಾಯಲಾರದ ಮನುಷ್ಯ. ಅಂಟು ಒಣಗಲು ಒಂದು ದಿನ ಬಿಡಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ, ಅದು ಚಳಿ ದೇಶದವರಿಗೆ ಹೇಳಿದ್ದು, ಬೆಂಗಳೂರಿನ ಬಿಸಿಲಿಗೆ ಒಂದು ಗಂಟೆ ಧಾರಾಳವಾಯಿತು ಎಂದು ಲೆಕ್ಕ ಹಾಕುವ ಪೈಕಿ.

ಲೆಕ್ಕ ಅಂದೆನಲ್ಲ, ಈ ಹವ್ಯಾಸದ ಮೂಲಮಂತ್ರವೇ ಒಂದು ಲೆಕ್ಕ: 1/72. ಅಸಲಿ ವಿಮಾನದ ಆರು ಅಡಿ ಇಲ್ಲಿ ಒಂದು ಅಂಗುಲ. ಆರಡಿಯ ಆಜಾನುಬಾಹು ಪೈಲಟ್ಟು ಅಂಗುಲಕ್ಕೆ ಇಳಿದು ಸುಮ್ಮನೆ ಕೂರುತ್ತಾನೆ. ಅಡಿ, ಅಂಗುಲದಲ್ಲೇ ಯೋಚಿಸುತ್ತಿದ್ದ ಇಂಗ್ಲೆಂಡಿನಲ್ಲಿ 1930ರ ದಶಕದಲ್ಲಿ ರೂಢಿಗೆ ಬಂದ ಅಳತೆ ಇದು. ಎರಡನೇ ಮಹಾಯುದ್ಧ ಬಂದದ್ದೇ ಆಟ ಹೋಗಿ ಕೆಲಸವಾಯಿತು. ಮೇಲೆ ಹಾರುತ್ತಿರುವುದು ನಮ್ಮದೋ ಶತ್ರುವಿನದೋ ಎಂದು ಆಕಾರ ನೋಡಿಯೇ ಹೇಳಲು ಸೈನಿಕರಿಗೆ ಕಲಿಸಬೇಕಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ಆ ದೇಶದ ಹೈಸ್ಕೂಲು ಹುಡುಗರನ್ನು ಕೇಳಿದ್ದು ಐದು ಲಕ್ಷ ಮಾದರಿ ವಿಮಾನಗಳನ್ನು. ಇದೇ ಅಳತೆ, ಮೈಗೆಲ್ಲ ಕಪ್ಪು ಬಣ್ಣ. ಹುಡುಗರು ಮರ ಕೆತ್ತಿ, ಉಜ್ಜಿ, ತಪಾಸಣೆಗೆ ಒಪ್ಪಿಸಿದರು. ಜಪಾನಿನ ಚಿಮುಟ, ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ, ಕತ್ತು ಬಗ್ಗಿಸಿದಂತೆ ಬಗ್ಗುವ ಟೇಬಲ್ ಲ್ಯಾಂಪು ಎಲ್ಲ ಇಟ್ಟುಕೊಂಡು, ಐವತ್ತರ ಹೊಸ್ತಿಲಲ್ಲಿ ನಾನು ಕಟ್ಟಿದ ವಿಮಾನ ನೋಡಿ ಯಾರಾದರೂ ಗುರುತು ಕಲಿತಿದ್ದರೆ ಆ ಯುದ್ಧದ ಫಲಿತಾಂಶವೇ ಬೇರೆಯಾಗುತ್ತಿತ್ತು.

1/72ರ ಅಸಲಿ ತೊಂದರೆ ಅದು ಹಿಂದಕ್ಕೂ ಗುಣಿಸುತ್ತದೆ ಎಂಬುದು. ವಿಮಾನವನ್ನು ಎಪ್ಪತ್ತೆರಡರಿಂದ ಭಾಗಿಸಿ ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ, ನಿಜ. ನಮ್ಮ ಕೈಯನ್ನು ಯಾರೂ ಭಾಗಿಸಿ ಕಳಿಸುವುದಿಲ್ಲ. ಎರಡು ಹೋಳುಗಳ ನಡುವೆ ಅರ್ಧ ಮಿಲಿಮೀಟರು ಸಂದು ಬಿಟ್ಟರೆ, ಅಸಲಿ ವಿಮಾನದಲ್ಲಿ ಅದು ಮೂರೂವರೆ ಸೆಂಟಿಮೀಟರು. ಇಲಿಮರಿಗಳು ಸಂಸಾರ ಸಮೇತ ಒಳಹೊರಗೆ ಓಡಾಡಬಹುದು. ಬಣ್ಣ 0.1 ಮಿಲಿಮೀಟರು ದಪ್ಪವಾಯಿತೆಂದರೆ ಅಲ್ಲಿ ಏಳು ಮಿಲಿಮೀಟರಿನ ಗಿಲಾವು. ಒಂದು ಸಲ ಈ ಲೆಕ್ಕವನ್ನು ಹೆಂಡತಿಯ ಎದುರು ಉತ್ಸಾಹದಿಂದ ವಿವರಿಸಿದೆ. ವಿವರಿಸಬಾರದಿತ್ತು. "ಹಾಗಾದ್ರೆ ಕಿಟ್ಟಿಗೆ ಇನ್ನೂರು ರೂಪಾಯಿ ಅಂದಿದ್ರಲ್ಲ, ಅದನ್ನೂ ಎಪ್ಪತ್ತೆರಡರಿಂದ ಗುಣಿಸ್ಬೇಕೇನ್ರೀ?" ಅಂದಳು.

ಕಟ್ಟಲು ಆರಿಸಿಕೊಂಡದ್ದು ನ್ಯಾಟ್. ಅದಕ್ಕೆ ಊರಿಗೆ ಹೇಳುವ ಕಾರಣ ಒಂದಿತ್ತು, ಒಳಗಿನ ಕಾರಣ ಇನ್ನೊಂದು. ಹೇಳುವ ಕಾರಣ ದೇಶಾಭಿಮಾನ. ಬ್ರಿಟನ್ನಿನ ಟೆಡ್ಡಿ ಪೆಟರ್ ವಿನ್ಯಾಸ ಮಾಡಿದ ಈ ಪುಟ್ಟ ಫೈಟರನ್ನು ಪರವಾನಗಿ ಪಡೆದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಿಸಿದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಕೆಡವಿ 'ಸೇಬರ್ ಸ್ಲೇಯರ್' ಎಂಬ ಬಿರುದು ಪಡೆಯಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಒಬ್ಬಂಟಿಯಾಗಿ ಸೆಣಸಿ ಪ್ರಾಣ ಕೊಟ್ಟದ್ದೂ ಇದೇ ವಿಮಾನದಲ್ಲಿ. ವಾಯುಪಡೆಗೆ ಸಂದ ಒಂದೇ ಒಂದು ಪರಮವೀರ ಚಕ್ರ ಅವರದು. ಒಳಗಿನ ಕಾರಣ ಸೋಮಾರಿತನ. 1965ರ ನ್ಯಾಟ್‌ಗೆ ಹಸಿರು, ಕಂದು ಪಟ್ಟೆಗಳ ರಗಳೆ ಇಲ್ಲ, ಬರೀ ಲೋಹದ ಮೈ. ಒಂದು ಶೀಷೆ ಬೆಳ್ಳಿ ಬಣ್ಣ ತಂದರೆ ಮುಗಿಯಿತು ಅಂದುಕೊಂಡೆ.

ಮುಗಿಯುವ ಮಾತು ಆಮೇಲೆ. ಮೊದಲು ಗಾತ್ರ. ನ್ಯಾಟ್‌ನ ಈ ರೆಕ್ಕೆತುದಿಯಿಂದ ಆ ರೆಕ್ಕೆತುದಿಗೆ ಅಸಲಿಯಲ್ಲೇ ಏಳು ಮೀಟರಿಲ್ಲ. ಅದನ್ನು ಎಪ್ಪತ್ತೆರಡರಿಂದ ಭಾಗಿಸಿದರೆ ಒಂಬತ್ತು ಸೆಂಟಿಮೀಟರು ಚಿಲ್ಲರೆ. ಅಷ್ಟರೊಳಗೆ ಸೀಟು, ಸೀಟಿನ ಬೆಲ್ಟು, ಪೈಲಟ್ ಹಿಡಿಯುವ ಕೋಲು. ಆ ಕೋಲು ಜೀರಿಗೆ ಕಾಳಿಗಿಂತ ಸಣ್ಣದು. ಚಿಮುಟದಲ್ಲಿ ಹಿಡಿದು ಒಂದು ಚೂರು ಹೆಚ್ಚು ಒತ್ತಿದೆ. 'ಟಿಕ್' ಅಂತ ಶಬ್ದ ಬಂತು, ಕೋಲು ಇಲ್ಲ. ಇಡೀ ವಿಮಾನದಲ್ಲಿ ನಿಜವಾಗಿ ಹಾರಿದ ಭಾಗ ಅದೊಂದೇ.

ಮೊಣಕಾಲೂರಿ, ಬ್ಯಾಟರಿ ಬಿಟ್ಟುಕೊಂಡು ನೆಲವೆಲ್ಲ ಹುಡುಕಿದೆ. ಬೆಳಿಗ್ಗೆ ಕೆಲಸದಾಕೆ ಬಂದು ಗುಡಿಸಲು ಪೊರಕೆ ಎತ್ತಿದಾಗ ನಾನು ಬಾಗಿಲಿಗೆ ಅಡ್ಡ ನಿಂತು, ಕಸವನ್ನು ಬೀದಿಗೆ ಒಯ್ಯಕೂಡದು ಎಂದೆ. ಅವಳು ಒಳಗೆ ಹೋಗಿ ಏನು ಹೇಳಿದಳೋ, ಅತ್ತೆ ಕೈಯಲ್ಲಿ ಮೊರ ಹಿಡಿದೇ ಬಂದರು. ಆ ಕಾಲದವರು, ಕಸದಲ್ಲಿ ಏನೋ ಕಳೆದಿದೆ ಅಂದರೆ ಚರ್ಚೆ ಮಾಡುವುದಿಲ್ಲ, ಕೇರುತ್ತಾರೆ. ಮೊರದ ತುದಿಗೆ ಕೂದಲು, ಧೂಳು, ಪೆನ್ಸಿಲ್ ಹೆರೆದ ಸಿಪ್ಪೆ ಹಾರಿ ಹಾರಿ ಬಿದ್ದವು. ಕೊನೆಗೆ ಮೂಲೆಯಲ್ಲಿ ಏನೋ ಮಿನುಗಿತು. ಎಷ್ಟೋ ವರ್ಷದ ಹಿಂದೆ ಕಳೆದುಹೋಗಿದ್ದ ಅವರ ಬೆಂಡೋಲೆಯ ತಿರುಪು. ಪೈಲಟ್ಟಿನ ಕೋಲು ಮಾತ್ರ ಈವರೆಗೂ ಸಿಕ್ಕಿಲ್ಲ. ಆದರೆ ಅವತ್ತಿನಿಂದ ಮನೆಯಲ್ಲಿ ನನ್ನ ಹವ್ಯಾಸದ ಪರವಾಗಿ ಒಂದು ವೋಟು ಗಟ್ಟಿಯಾಯಿತು. "ಅಳಿಯಂದ್ರೇ, ಇನ್ನೊಂದು ಕಿವೀದೂ ಕಳೆದಿದೆ, ನೀವು ಕಟ್ತಾ ಇರಿ" ಎಂದರು.

ಪೈಲಟ್ಟಿನ ತಲೆಯ ಮೇಲೆ ಮುಚ್ಚುವ ಗಾಜಿನ ಗೂಡಿದೆಯಲ್ಲ, ಕ್ಯಾನೋಪಿ, ಅದನ್ನು ಅಂಟಿಸಲು ಮಕ್ಕಳು ಕ್ರಾಫ್ಟ್ ತರಗತಿಯಲ್ಲಿ ಬಳಸುವ ಬಿಳಿ ಗೋಂದು ಸಾಕು. ಅದು ಒಣಗಲು ರಾತ್ರಿಯೆಲ್ಲ ಬೇಕು. ನನ್ನ ವಿಷಯ ನಿಮಗೆ ಈಗಾಗಲೇ ಗೊತ್ತು. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ತಂದು ಒಂದು ಹನಿ ಹಾಕಿದೆ. ಹಿಡಿದದ್ದೇನೋ ಕ್ಷಣದಲ್ಲೇ. ಆದರೆ ಆ ಅಂಟಿನಿಂದ ಏಳುವ ಆವಿ ಎಲ್ಲಿ ಬೆರಳಿನ ಜಿಡ್ಡು, ತೇವ ಇದೆಯೋ ಅಲ್ಲೇ ಹೋಗಿ ಬೆಳ್ಳಗೆ ಕೂರುತ್ತದೆ. ಕೊಲೆ ನಡೆದ ಜಾಗದಲ್ಲಿ ಬೆರಳಚ್ಚು ಎತ್ತಲು ಪೊಲೀಸರು ಬಳಸುವುದು ಇದೇ ತಂತ್ರವನ್ನು. ಮಾರನೇ ದಿನ ನೋಡಿದರೆ ಗಾಜಿನ ಮೇಲೆ ನನ್ನ ಹೆಬ್ಬೆರಳಿನ ಒಂದೊಂದು ಗೆರೆಯೂ, ನ್ಯಾಯಾಲಯ ಒಪ್ಪುವಷ್ಟು ಸ್ಪಷ್ಟವಾಗಿ ಮೂಡಿತ್ತು. ಎಪ್ಪತ್ತೆರಡರಿಂದ ಗುಣಿಸಿದರೆ ಹತ್ತಿರ ಹತ್ತಿರ ಒಂದೂವರೆ ಮೀಟರಿನ ಹೆಬ್ಬೆರಳು. ಈ ವಿಮಾನವನ್ನು ಹಾಳುಮಾಡಿದವರು ಯಾರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇಷ್ಟಾದರೂ ಮೂರು ಗಾಲಿಗಳನ್ನು ಅಂಟಿಸಿ ಮೇಜಿನ ಮೇಲೆ ನಿಲ್ಲಿಸಿದೆ. ನಿಲ್ಲಲಿಲ್ಲ. ಮೂತಿ ಮೇಲಕ್ಕೆತ್ತಿ, ಬಾಲ ಊರಿ ಕೂತುಬಿಟ್ಟಿತು. ಗಾಲಿಗಳ ಜಾಗಕ್ಕಿಂತ ಹಿಂದೆ ಪ್ಲಾಸ್ಟಿಕ್ಕಿನ ತೂಕ ಜಾಸ್ತಿ, ಅದಕ್ಕೇ ಮೈ ಮುಚ್ಚುವ ಮೊದಲು ಮೂತಿಯೊಳಗೆ ಭಾರ ಇಡಬೇಕು ಎಂದು ಸೂಚನೆಯ ಹಾಳೆಯಲ್ಲಿ ಚಿತ್ರ ಸಮೇತ ಹಾಕಿದ್ದಾರೆ. ಆ ಚಿತ್ರವನ್ನು ನಾನು ಕಂಪನಿಯ ಗುರುತು ಅಂದುಕೊಂಡಿದ್ದೆ. ಸರಿ, ಗಾಳಕ್ಕೆ ಕಟ್ಟುವ ಸೀಸದ ಗುಂಡು ತರಲು ಹೋದೆ. ಅಂಗಡಿಯವನು, "ಯಾವ ಕೆರೆ ಸಾರ್?" ಎಂದ. ಕೆರೆಯಲ್ಲ, ವಿಮಾನಕ್ಕೆ ಅಂದೆ. ಅವನು ಮತ್ತೇನೂ ಕೇಳದೆ ಚಿಲ್ಲರೆ ಎಣಿಸಿ ಕೊಟ್ಟ. ಹೊಟ್ಟೆಯಲ್ಲಿ ತೂತು ಕೊರೆದು ಗುಂಡುಗಳನ್ನು ಒಂದೊಂದಾಗಿ ಒಳಗೆ ತಳ್ಳಿ, ಮೂತಿಯ ಕಡೆ ಓಲಿಸಿ, ಮೇಲಿಂದ ಅಂಟು ಸುರಿದೆ. ಅಂಟು ಗುಂಡಿನ ತನಕ ತಲುಪಿತೋ ಇಲ್ಲವೋ ನೋಡುವ ದಾರಿ ಇರಲಿಲ್ಲ. ವಿಮಾನ ನೆಟ್ಟಗೆ ನಿಂತಿತು, ಅಷ್ಟು ಸಾಕು.

ಇನ್ನು ಆ ಒಂದೇ ಬಣ್ಣ. ತಿಳಿದವರು ಬರೀ ಲೋಹದ ಮೈಯನ್ನು ಕಂಡರೆ ಯಾಕೆ ಹೆದರುತ್ತಾರೆಂದು ಬೆಳ್ಳಿ ಬಳಿದ ಮೇಲೆ ಗೊತ್ತಾಯಿತು. ಹಸಿರು, ಕಂದು ಬಣ್ಣಗಳಿಗೆ ದೊಡ್ಡ ಮನಸ್ಸಿದೆ, ತಳದ ಗೀರು, ಪುಟ್ಟಿಯ ಗಂಟು, ಎಲ್ಲವನ್ನೂ ಮುಚ್ಚಿ ಹಾಕುತ್ತವೆ. ಬೆಳ್ಳಿ ಚಾಡಿಕೋರ ಬಣ್ಣ. 400ರ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, 800, 1200 ಯಾಕೆ ದಂಡಕ್ಕೆ ಎಂದು ಬಿಟ್ಟದ್ದನ್ನೆಲ್ಲ ಅದು ಎತ್ತಿ ಎತ್ತಿ ತೋರಿಸಿತು.

ಬಣ್ಣ ಹೊಡೆದದ್ದು ಏರ್‌ಬ್ರಶ್‌ನಲ್ಲಿ. ಥಿನ್ನರ್ ವಾಸನೆಗೆ ಮನೆಯವರು ಒಳಗೆ ಸೇರಿಸದ್ದರಿಂದ ಕಂಪ್ರೆಸರನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿದ್ದೆ. ಆಷಾಢದ ಗಾಳಿ. ನಳಿಕೆಯಿಂದ ಹೊರಟ ಬೆಳ್ಳಿಯಲ್ಲಿ ವಿಮಾನಕ್ಕೆ ಬಿದ್ದದ್ದೆಷ್ಟೋ, ಹಿಂದೆ ಕುಂಡದಲ್ಲಿದ್ದ ತುಳಸಿಗೆ ಬಿದ್ದದ್ದೆಷ್ಟೋ. ಸಂಜೆ ದೀಪ ಇಡಲು ಬಂದ ಅತ್ತೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ, "ಗೃಹಪ್ರವೇಶದ ವರ್ಷ ಬೆಳ್ಳಿ ತುಳಸಿ ಮಾಡಿಸಿ ಕೊಡ್ತೀನಿ ಅಂದಿದ್ರಲ್ಲ ಅಳಿಯಂದ್ರೇ, ಇದೇನಾ ಅದು?" ಎಂದರು. ತಿರುಪಿನಿಂದ ಗಳಿಸಿದ್ದ ವೋಟು ಅಲ್ಲಿಗೆ ಹೋಯಿತು.

ವಾಯುಪಡೆಯ ಗುರುತಿನ ಚಕ್ರಗಳು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು, ನೀರಲ್ಲಿ ನೆನೆಸಿ ಜಾರಿಸಿ ಕೂರಿಸುವ ತೆಳುಪೊರೆಗಳು. ಅವು ಮೈಗೆ ಅಂಟಿ ಕೂರಲೆಂದು ಮೇಲೊಂದು ದ್ರಾವಣ ಸವರುತ್ತಾರೆ. ಸವರಿದ ಕೂಡಲೇ ಪೊರೆ ಮೆತ್ತಗಾಗಿ, ಸುಕ್ಕುಸುಕ್ಕಾಗಿ, ನೋಡಿದವರ ಎದೆ ಧಸಕ್ಕೆನ್ನುತ್ತದೆ. ಮುಟ್ಟದೆ ಬಿಟ್ಟರೆ ತಾನಾಗಿ ಬಿಗಿದುಕೊಂಡು ಸಪಾಟಾಗುತ್ತದಂತೆ. ಬಲಗಡೆಯ ಚಕ್ರದ ಮಟ್ಟಿಗೆ ಆ ಮಾತು ನಿಜವೆಂದು ಕಂಡಿದ್ದೇನೆ, ಯಾಕೆಂದರೆ ಆ ಹೊತ್ತಿಗೆ ಫೋನ್ ಬಂದು ಎದ್ದು ಹೋಗಿದ್ದೆ. ಎಡಗಡೆಯದನ್ನು ಬೆರಳಿನಿಂದ ಸರಿಮಾಡಲು ಹೋದೆ. ಅದೀಗ ಯಾವ ದೇಶದ ವಿಮಾನವೆಂದು ಆ ಕಡೆಯಿಂದ ಹೇಳುವುದು ಕಷ್ಟ.

ಕೊನೆಯ ಹಂತ ಗಲೀಜು ಮಾಡುವುದು. ಹೊಸ ವಿಮಾನ ಆಟಿಕೆಯಂತೆ ಕಾಣುತ್ತದಂತೆ, ಅದಕ್ಕೇ ಎಣ್ಣೆ ಸೋರಿದ ಗೆರೆ, ಹೊಗೆಯ ಮಸಿ, ಗಾಲಿಯ ಧೂಳು ಎಲ್ಲವನ್ನೂ ಸೊನ್ನೆ ನಂಬರಿನ ಕುಂಚದಲ್ಲಿ ಕೂದಲೆಳೆಯಷ್ಟು ಎಳೆದು ತೋರಿಸಬೇಕು. ದೂಳಿನ ಬಣ್ಣವೇ ಬೇರೆ ಶೀಷೆಯಲ್ಲಿ, ದುಡ್ಡಿಗೆ ಸಿಗುತ್ತದೆ. ದೀಪಾವಳಿಗೂ ಸ್ಕೂಟರು ತೊಳೆಯದವನು ಹೊಸ ಚಕ್ರಕ್ಕೆ ಕೆಸರು ಬಳಿಯುತ್ತಾ ಕೂತದ್ದನ್ನು ಮಗಳು ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸಿದಳು. ಈ ಒಂದು ಹಂತದಲ್ಲಿ ಮಾತ್ರ ನನ್ನ ಕೆಲಸ ಯಾರಿಗೂ ಕಡಿಮೆಯಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಈಗ ಮಾವನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಮುಂದಕ್ಕೆ ಹಾಕುತ್ತಾ ಬಂದೆ. ನಮ್ಮ ಮಾವ ಎಚ್‌ಎಎಲ್‌ನಲ್ಲಿ ಫಿಟ್ಟರಾಗಿ ಸೇರಿ ನಿವೃತ್ತರಾದವರು. ಹುಡುಗನಾಗಿದ್ದಾಗ ಅವರ ಕೈ ಮೊದಲು ಪಳಗಿದ್ದೇ ನ್ಯಾಟ್ ಮೇಲೆ, ಆಮೇಲೆ ಅದನ್ನೇ ತಿದ್ದಿ ಮಾಡಿದ ಅಜೀತ್ ಮೇಲೆ. ಮಾದರಿಯನ್ನು ಅವರ ಹುಟ್ಟುಹಬ್ಬಕ್ಕೆ ಕೊಡುವುದೆಂದು ಹೆಂಡತಿ ಮೊದಲೇ ಎಲ್ಲರಿಗೂ ಸಾರಿಬಿಟ್ಟಿದ್ದಳು. ಅವರು ಕನ್ನಡಕ ಒರೆಸಿ, ವಿಮಾನವನ್ನು ಅಂಗೈ ಮೇಲಿಟ್ಟುಕೊಂಡು, ಕಿಟಕಿಯ ಬೆಳಕಿಗೆ ಹಿಡಿದರು. ಮುಖ ನೋಡಿದರೆ ಅಳುತ್ತಾರೇನೋ ಅನ್ನಿಸಿತು. ಆಮೇಲೆ, "ಸ್ಟೀಲ್ ಸ್ಕೇಲ್ ಇದ್ರೆ ಕೊಡಿ" ಎಂದರು.

ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪಟ್ಟಿ ಶುರುವಾಯಿತು. ನ್ಯಾಟ್‌ನ ಎರಡೂ ರೆಕ್ಕೆ ತುಸು ಕೆಳಕ್ಕೆ ಬಾಗಿರಬೇಕು. ನನ್ನದರಲ್ಲಿ ಎಡಗಡೆಯದು ಬಾಗಿತ್ತು, ಬಲಗಡೆಯದು ಸ್ವತಂತ್ರವಾಗಿತ್ತು. ಗಾಲಿಯ ಬಾಗಿಲುಗಳನ್ನು ಅಂಟಿಸಿದ ಕೋನ ನೋಡಿ ಅವರು ನಿಟ್ಟುಸಿರುಬಿಟ್ಟರು. "ಗಾಳೀಲಿ ವೇಗ ಕಡಿಮೆ ಮಾಡೋಕೆ ಇದಕ್ಕೆ ಬೇರೆ ಏರ್‌ಬ್ರೇಕ್ ಇಲ್ಲ ಅಳಿಯಂದ್ರೇ. ಇದೇ ಗಾಲೀನ ಅರ್ಧ ಇಳಿಸ್ತಿದ್ರು, ಈ ಬಾಗಿಲೇ ಗಾಳಿ ತಡೀತಿತ್ತು. ನೀವು ಹಾಕಿರೋ ಹಂಗಿದ್ರೆ ನಿಲ್ಸೋಕೂ ಆಗಲ್ಲ, ಹಾರೋಕೂ ಆಗಲ್ಲ." ಪಕ್ಕಕ್ಕೆ ಓರೆ ಮಾಡಿದರು. ಒಳಗೆ ಗಡಗಡ ಸದ್ದು. ಅಂಟು ಗುಂಡಿನ ತನಕ ತಲುಪಿರಲಿಲ್ಲ. ಮತ್ತೊಮ್ಮೆ ಓರೆ ಮಾಡಿ ಕಿವಿಗೆ ಹಿಡಿದರು. "ಇಂಥ ಸದ್ದು ಬಂದ್ರೆ ನಾವು ವಿಮಾನಾನ ಶಾಪಿಂದ ಆಚೆ ಬಿಡ್ತಿರಲಿಲ್ಲ. ಒಳಗೆ ಯಾರೋ ಸ್ಪ್ಯಾನರ್ ಬಿಟ್ಟಿದಾರೆ ಅಂತ ಎಲ್ಲಾ ಬಿಚ್ಚಿಸೋರು." ಗಾಜಿನ ಮೇಲಿನ ಹೆಬ್ಬೆರಳು ನೋಡಿದರು, ಅದನ್ನು ಮಾತ್ರ ಪಟ್ಟಿಗೆ ಸೇರಿಸಲಿಲ್ಲ. ಯಾರದು ಎಂದೂ ಕೇಳಲಿಲ್ಲ, ಮಗಳ ಮುಖ ನೋಡಿ ಬಿಟ್ಟಿರಬೇಕು.

"ಎಷ್ಟು ದಿನ ತಗೊಂಡ್ರಿ ಇದಕ್ಕೆ?" ಎಂದರು. ಹೇಳಿದೆ. "ಅಷ್ಟರಲ್ಲಿ ನಾವು ದೊಡ್ಡದನ್ನೇ ಮಾಡಿ ಕೊಡ್ತಿದ್ವಲ್ಲ" ಎಂದು ಪಟ್ಟಿಯ ಕೆಳಗೆ ಗೆರೆ ಎಳೆದು, ತಾರೀಖು ಹಾಕಿ, ಸಹಿ ಮಾಡಿದರು.

ಮಾರನೇ ವಾರ ಅವರೇ ಫೋನ್ ಮಾಡಿದರು. ಮಾರುತ್ ಸಿಗುತ್ತದೆಯೇ ನೋಡಿ ಅಂತ. ಜರ್ಮನಿಯ ಕುರ್ಟ್ ಟಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಮೊದಲು ಹಾರಿದ್ದು, ಒಟ್ಟು 147 ತಯಾರಾದದ್ದು, ಎಲ್ಲ ಫೋನಿನಲ್ಲೇ ಒಪ್ಪಿಸಿದರು. "ಎರಡು ಇಂಜಿನ್ನು, ನಿಮ್ಮ ಕೈಲಿ ಆಗಲ್ಲ. ನಾನೇ ಕಟ್ತೀನಿ, ನೀವು ಬ್ಯಾಟರಿ ಹಿಡ್ಕೊಳ್ಳಿ ಸಾಕು" ಎಂದರು. ಹುಡುಕಿ ತರಿಸಿದೆ. ಕೊರಿಯರಿನವನು ಡಬ್ಬಿ ಕೊಟ್ಟು, ಕಸ್ಟಮ್ಸ್ ಸುಂಕದ ಚೀಟಿಯನ್ನು ಹೆಂಡತಿಯ ಕೈಗಿಟ್ಟು ಹೋದ. ಅವಳು ಚೀಟಿಯನ್ನು ಓದಿ, ತಿರುಗಿಸಿ, ಮತ್ತೆ ಓದಿದಳು.

"ರೀ, ಇದು ಭಾಗಿಸೋಕೆ ಮುಂಚಿನದಾ, ಆಮೇಲಿಂದಾ?"

ನಾನು ಅಪ್ಪನನ್ನೇ ಕೇಳು ಎಂದೆ. ಮಾವ ಆಗಲೇ ಡಬ್ಬಿ ಬಿಚ್ಚಿ, ಸೂಚನೆಯ ಹಾಳೆಯನ್ನು ಓದದೆ ಪಕ್ಕಕ್ಕೆ ಎಸೆದು, ಸೂಪರ್ ಗ್ಲೂ ಎಲ್ಲಿ ಎಂದು ಹುಡುಕುತ್ತಿದ್ದರು.